ಕಡ ತಂದ ಅಕ್ಕ

ಜುಲೈ ಮುಗಿಯುತ್ತ ಬಂದರೆ ಮುಲುಂಡ್ ಸ್ಟೇಶನ್ನಿನ ಹೊರಗೆ ರಾಖಿಯ ಅಂಗಡಿಗಳು ಏಳುತ್ತವೆ. ನೀಲಿ ಪ್ಲಾಸ್ಟಿಕ್ಕಿನ ಕೆಳಗೆ ಎರಡು ಹಲಗೆ, ಮೇಲೆ ಸಾಲಾಗಿ ತೂಗುಬಿಟ್ಟ ರಾಖಿಗಳು. ಈಗಿನವು ಸಣ್ಣವು, ನಾಜೂಕಾದ ಮಣಿಯವು, ಕಟ್ಟಿಸಿಕೊಂಡ ಗಂಡಸರಿಗೆ ಆಫೀಸಿನಲ್ಲಿ ನಾಚಿಕೆಯಾಗಬಾರದು ಅಂತ ಮಾಡಿದವು. ಮೊನ್ನೆ ಕೆಲಸ ಮುಗಿಸಿ ಬರುವಾಗ ಮಳೆ ಜೋರಾಯಿತು, ಒಂದು ಅಂಗಡಿಯ ಪ್ಲಾಸ್ಟಿಕ್ಕಿನಡಿ ನಿಂತೆ. ಅಲ್ಲೊಂದು ಮೂಲೆಯಲ್ಲಿ ಹಳೇ ಕಾಲದ ಸ್ಪಂಜಿನ ರಾಖಿಗಳ ಕಟ್ಟು ಬಿದ್ದಿತ್ತು. ಅಂಗೈಯಗಲದ್ದು, ಗುಲಾಬಿ ಬಣ್ಣದ್ದು, ನಡುವೆ ಬೇಗಡೆಯ ಹೂವು. ಒದ್ದೆ ಸ್ಪಂಜು, ಅಗ್ಗದ ಬಣ್ಣ, ಅಂಟು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ಮಳೆ ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ. "ಕ್ಯಾ ಚಾಹಿಯೇ, ಮ್ಯಾಡಮ್?" ಅಂತ ಅಂಗಡಿಯವನು ಎರಡು ಸಲ ಕೇಳಿದ. ನನಗೆ ಬೇಕಾದ್ದು ನಿನ್ನ ಹತ್ತಿರ ಇಲ್ಲಪ್ಪಾ ಅಂತ ಕನ್ನಡದಲ್ಲೇ ಹೇಳಿ ಹೊರಟೆ. ಅವನಿಗೆ ತಿಳಿಯಲಿಲ್ಲ, ಒಳ್ಳೆಯದೇ ಆಯಿತು.

ಮೂವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ಒಬ್ಬಳೇ ಹುಡುಗಿ ಅಂದರೆ ಜನಕ್ಕೆ ಹೊಟ್ಟೆಕಿಚ್ಚು. ರಾಜಕುಮಾರಿ ಹಾಗೆ ಬೆಳೆದಿರಬೇಕು ಬಿಡಿ ಅನ್ನುತ್ತಾರೆ. ಹೌದು, ಬೆಳೆದೆ. ಮಲ್ಲಣ್ಣ ತೊಟ್ಟು, ಬಸಣ್ಣ ತೊಟ್ಟು, ಸಂಗು ತೊಟ್ಟು ಬಿಟ್ಟ ಅಂಗಿ ಹಾಕಿಕೊಂಡ ರಾಜಕುಮಾರಿ. ಹುಡುಗಿಯರ ಅಂಗಿಗೂ ಹುಡುಗರ ಅಂಗಿಗೂ ಗುಂಡಿ ಬೇರೆ ಬೇರೆ ಕಡೆ ಇರುತ್ತವೆ ಅನ್ನುವುದು ನನಗೆ ತಿಳಿದಾಗ ಒಂಬತ್ತನೇ ಇಯತ್ತೆಯಲ್ಲಿದ್ದೆ. ಮನೆಗಳ ಮುಂದಿನ ಉದ್ದ ಗ್ಯಾಲರಿಯ ಕ್ರಿಕೆಟ್ಟಿನಲ್ಲಿ ನಾನು ಖಾಯಂ ವಿಕೆಟ್ ಕೀಪರ್, ಯಾಕೆಂದರೆ ಚೆಂಡು ಗಟಾರಕ್ಕೆ ಬಿದ್ದರೆ ಇಳಿದು ತರುವ ಕೆಲಸ ವಿಕೆಟ್ ಕೀಪರಿನದು. ಬೈಗುಳ ನಾಲ್ಕು ಭಾಷೆಯಲ್ಲಿ ಬರುತ್ತಿತ್ತು. ಜಡೆ ಹಾಕಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ.

ನಾವಿದ್ದದ್ದು ವಿಕ್ರೋಳಿಯಲ್ಲಿ, ರೇಲ್ವೆ ಹಳಿಗೆ ಹತ್ತಿಕೊಂಡ ಎರಡು ಮಹಡಿಯ ಚಾಳು. ಬಾಗಲಕೋಟೆ ಕಡೆಯಿಂದ ಬಂದ ಆರೇಳು ಮನೆಗಳು ಅಲ್ಲಿದ್ದವು. ಅಪ್ಪ ಗೌಂಡಿ ಕೆಲಸದವನು, ಎಲ್ಲಿ ಬಿಲ್ಡಿಂಗ್ ಏಳುತ್ತದೋ ಅಲ್ಲೇ ಅವನ ಬಿಡಾರ, ಹದಿನೈದು ದಿನಕ್ಕೊಮ್ಮೆ ಮನೆ. ಅವ್ವ ಸ್ಟೇಶನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ಐದಕ್ಕೆ ಬರುವವಳು. ಹೀಗಾಗಿ ಆ ಒಂದೇ ಕೋಣೆಯ ಖೋಲಿಯಲ್ಲಿ, ಶಾಲೆ ಶಿಫ್ಟು ಬಿಟ್ಟರೆ, ಇಡೀ ದಿನ ನಾನು ಮತ್ತು ಮೂವರು ಗಂಡಸರು. ನಾನು ಬಟ್ಟೆ ಬದಲಾಯಿಸಬೇಕೆಂದರೆ "ಹೊರಗ ನಡ್ರಿ" ಅನ್ನಬೇಕು. ಮೂವರೂ ಗ್ಯಾಲರಿಗೆ ಹೋಗಿ ಕಟಕಟೆ ಹಿಡಿದು, ಬೆನ್ನು ತಿರುಗಿಸಿ ಸಾಲಾಗಿ ನಿಲ್ಲುತ್ತಿದ್ದರು. ಚಾಳಿಗೆಲ್ಲ ಗೊತ್ತು: ಮೂವರು ಸಾಲಾಗಿ ನಿಂತಿದ್ದಾರೆ ಅಂದರೆ ಶಕ್ಕು ಅಂಗಿ ಬದಲಾಯಿಸುತ್ತಿದ್ದಾಳೆ. ಇದಕ್ಕಿಂತ ಡಂಗುರ ಹೊಡೆಸಿದ್ದರೆ ವಾಸಿಯಿತ್ತು.

ಜಡೆ ಹಾಕುತ್ತಿದ್ದವನು ಹಿರಿಯವನು, ಮಲ್ಲಣ್ಣ. ಇಪ್ಪತ್ತಮೂರು ವರ್ಷದವನು, ಫ್ಯಾಕ್ಟರಿಯಲ್ಲಿ ಲೇತ್ ಮಶೀನಿನ ಮೇಲಿದ್ದ. ಕೈ ಒರಟು. ಕೂದಲನ್ನು ಹಗ್ಗ ಹೊಸೆದ ಹಾಗೆ ಹೊಸೆದು, ನನ್ನ ಹುಬ್ಬು ಮೇಲೇರುವಷ್ಟು ಬಿಗಿದು, ಒಂದು ಜಡೆ ಕಿವಿಯ ಮೇಲೆ ಇನ್ನೊಂದು ಕಿವಿಯ ಕೆಳಗೆ ಕಟ್ಟಿ ಕಳಿಸುತ್ತಿದ್ದ. ನೋವಾದರೆ ಅಳುವ ಹಾಗಿಲ್ಲ, ಅತ್ತರೆ ಅವನಿಗೆ ಗಾಬರಿಯಾಗಿ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದ. ಪ್ರೀತಿ ಮೂವರಿಗೂ ಇತ್ತು, ಇಲ್ಲ ಅಂದರೆ ನಾಲಿಗೆ ಬಿದ್ದೀತು. ಮಾತು ಮಾತ್ರ ಇರಲಿಲ್ಲ. ನಮ್ಮ ಮನೆಯ ಗಂಡಸರು ಹಸಿವು, ಕ್ರಿಕೆಟ್ಟು, ಶಿಫ್ಟ್ ಇವಿಷ್ಟರ ಬಗ್ಗೆ ಬಾಯಿ ಬಿಡುತ್ತಿದ್ದರು. ಉಳಿದದ್ದೆಲ್ಲ ಒಳಗೇ. ನನಗೆ ಒಬ್ಬ ಅಕ್ಕ ಬೇಕಿತ್ತು. ದೇವರಲ್ಲಿ ಬೇಡಿಕೊಳ್ಳುವಾಗ ತಂಗಿ ಅಲ್ಲ ಅಕ್ಕ, ಅಕ್ಕ ಅಂತ ಒತ್ತಿ ಹೇಳುತ್ತಿದ್ದೆ. ಅಕ್ಕ ನನ್ನ ನಂತರ ಹುಟ್ಟಲಾರಳು ಅನ್ನುವ ತೊಡಕು ದೇವರು ನೋಡಿಕೊಳ್ಳುತ್ತಾನೆ ಅಂತ ಬಿಟ್ಟಿದ್ದೆ.

ನನಗೆ ಹದಿನಾಲ್ಕಾದ ವರ್ಷ, ಜೂನಿನ ಮೊದಲ ಮಳೆಯ ಜೊತೆಗೇ ಪಕ್ಕದ ಖೋಲಿಗೆ ಕಸ್ತೂರಿ ಬಂದಳು. ಅದು ಹಣಮಂತ ಕಾಕಾನ ಮನೆ. ಅವನಿಗೂ ಕಾಕೂಗೂ ಮಕ್ಕಳಿರಲಿಲ್ಲ. ಕಸ್ತೂರಿ ಅವನ ಅಣ್ಣನ ಮಗಳು. ಅಪ್ಪ ಎಂದೋ ತೀರಿಕೊಂಡಿದ್ದ, ಆ ಬೇಸಿಗೆಯಲ್ಲಿ ತಾಯಿಯೂ ಹೋದಳು, ಒಡಹುಟ್ಟಿದವರು ಯಾರೂ ಇಲ್ಲ. ಇಪ್ಪತ್ತು ವರ್ಷದವಳು. ನಮ್ಮ ನಮ್ಮ ಊರುಗಳ ನಡುವೆ ಎರಡು ತಾಸಿನ ದಾರಿ ಅಂತ ಅವ್ವ ಮೊದಲ ದಿನವೇ ಕೇಳಿ ತಿಳಿದುಕೊಂಡಳು. ಕಸ್ತೂರಿ ಗ್ಯಾಲರಿಯಲ್ಲಿ ಕೂತು ಅಂಗಡಿಯಿಂದ ತಂದ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಎರಡು ವಾರ ನಾನು ಅವಳನ್ನು ದೂರದಿಂದ ನೋಡುತ್ತ, ಮಾತಾಡಿಸುವುದು ಹೇಗೆ ಅಂತ ತಿಳಿಯದೆ, ಅವಳ ಮುಂದೆ ಸುಮ್ಮನೆ ಬ್ಯಾಟು ಬೀಸುತ್ತ ಓಡಾಡಿದೆ.

ಒಂದು ರವಿವಾರ ಅವ್ವ ಖಾನಾವಳಿಯಲ್ಲಿದ್ದಾಗ ನನಗೆ ಮೊದಲ ಸಲ ಮುಟ್ಟಾಯಿತು. ನನಗೆ ಯಾರೂ ಏನೂ ಹೇಳಿರಲಿಲ್ಲ. ಖೋಲಿಯ ಮೂಲೆಯಲ್ಲಿದ್ದ ಸ್ನಾನದ ಮೋರಿಯ ಪರದೆಯ ಹಿಂದೆ ಕೂತು, ಸತ್ತೇ ಹೋಗುತ್ತೇನೆ ಅಂತ ಅಳತೊಡಗಿದೆ. ಹೊರಗೆ ಮೂವರು ಅಣ್ಣಂದಿರು ಕಂಗಾಲು. "ಎಲ್ಲಿ ಪೆಟ್ಟಾಗೇತಿ ಹೇಳಲೇ" ಅಂತ ಬಸಣ್ಣ. ರಕ್ತ ಅಂತಷ್ಟೇ ಅಂದೆ, ಎಲ್ಲಿ ಅಂತ ಹೇಳುವುದಾದರೂ ಹೇಗೆ? ಕೊನೆಗೆ ಮಲ್ಲಣ್ಣ ಪಕ್ಕದ ಬಾಗಿಲಿಗೆ ಓಡಿದ. ಚಾಳಿನ ಗೋಡೆ ಹಲಗೆಯದು, ಎಲ್ಲ ಕೇಳಿಸುತ್ತಿತ್ತು.

"ಕಾಕೂ ಅದಾರೇನ್ರಿ?"

"ಇಲ್ರಿ, ಬಜಾರಕ್ಕ ಹೋಗ್ಯಾರ."

"ನಮ್ಮ ತಂಗಿಗೆ ಏನೋ ಆಗೇತ್ರಿ. ರಗತಾ ಬಂದೈತಿ ಅಂತ ಅಳಾಕತ್ತಾಳ. ಸ್ವಲ್ಪ ಬರ್ರಿ. ರಿಕ್ಷಾ ತರಲೇನ್ರಿ?"

ಕಸ್ತೂರಿ ಬಂದಳು, ಪರದೆ ಸರಿಸಿ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಹೊರಗೆ ತಿರುಗಿ, "ರಿಕ್ಷಾ ಬ್ಯಾಡ್ರಿ. ಒಣಾ ಕೊಬ್ರಿ, ಬೆಲ್ಲಾ ತರ್ರಿ," ಅಂದಳು.

"ಬೆಲ್ಲಾ? ದವಾಖಾನಿಗೆ ಒಯ್ಯೂದು ಬ್ಯಾಡೇನ್ರಿ?"

"ಬ್ಯಾಡ್ರಿ. ನಿಮ್ಮ ತಂಗಿ ದೊಡ್ಡಾಕಿ ಆಗ್ಯಾಳ."

ಆಮೇಲೆ ಮೂರು ಜೊತೆ ಚಪ್ಪಲಿ ಮೆಟ್ಟಿಲ ಮೇಲೆ ಬಿದ್ದೆದ್ದು ಓಡಿದ ಸದ್ದು. ಬೆಲ್ಲ ತರಲು ಮೂವರು ಹೋದರು. ಕಸ್ತೂರಿ ನಕ್ಕಳು, ಅಳುತ್ತಿದ್ದ ನಾನೂ ನಕ್ಕೆ. ಅವಳು ನನಗೆ ಎಲ್ಲ ಹೇಳಿಕೊಟ್ಟಳು, ನೀರು ಕಾಸಿ ಸ್ನಾನ ಮಾಡಿಸಿದಳು, ತಲೆ ಒರೆಸಿ ಎರಡು ಜಡೆ ಹಾಕಿದಳು. ಎರಡೂ ಸಮವಾಗಿದ್ದವು. ತಲೆ ಬಾಚಿಸಿಕೊಳ್ಳುವುದು ನೋವಿನ ಕೆಲಸ ಅಲ್ಲ ಅನ್ನುವುದೇ ನನಗೆ ಅಂದಿನ ತನಕ ಗೊತ್ತಿರಲಿಲ್ಲ. ಅಂದಿನಿಂದ ಅವಳು ನನಗೆ ಅಕ್ಕ.

ಆ ಜುಲೈ ತಿಂಗಳು ನನ್ನ ಬಾಳಿನ ಅತ್ಯಂತ ಸುಖದ ತಿಂಗಳು. ಇದನ್ನು ನಾನು ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ಹೇಳುತ್ತಿದ್ದೇನೆ, ಗಂಡ ಬೇಜಾರು ಮಾಡಿಕೊಂಡರೂ ಸರಿ. ಹೊರಗೆ ಮುಂಬಯಿಯ ಮಳೆ ದಬದಬ ಸುರಿಯುತ್ತಿತ್ತು, ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ನಿಲ್ಲುತ್ತಿದ್ದವು, ಶಾಲೆಗೆ ವಾರಕ್ಕೆರಡು ಸಲ ರಜೆ. ನಾನು ಅಕ್ಕನ ಮೊಣಕಾಲಿಗೆ ಒರಗಿ ಕೂತು ಫಾಲ್‌ಗೆ ಟಾಕಾ ಹಾಕುತ್ತಿದ್ದೆ. ಅಣ್ಣಂದಿರ ಮುಂದೆ ಹೇಳಲಾಗದ್ದು ಎಷ್ಟು ಕೂಡಿಬಿದ್ದಿತ್ತೋ, ಬಾಯಿ ಮುಚ್ಚದೆ ಹೇಳುತ್ತಿದ್ದೆ. ಅವಳು ಕೇಳುತ್ತ, ಸೂಜಿ ಎಳೆಯುತ್ತ, ನಡುನಡುವೆ "ಹೌದನು? ಮತ್ತ?" ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ "ಮತ್ತ?" ಅಂದದ್ದು ನಾನು ಕೇಳಿರಲಿಲ್ಲ.

"ಅಕ್ಕಾ, ನೀ ಇಲ್ಲೇ ಇರ್ತಿಯಲ್ಲ?" ಅಂತ ಒಮ್ಮೆ ಕೇಳಿದೆ.

"ಇಟ್ಕೊಂಡ್ರ ಇರ್ತೀನಿ," ಅಂದಳು.

ಆಗ ಮನೆಯಲ್ಲಿ ಇನ್ನೂ ಒಂದೆರಡು ಬದಲಾವಣೆಯಾದವು. ಮಲ್ಲಣ್ಣನನ್ನು ಎಬ್ಬಿಸಲು ಅವ್ವ ಮುಖಕ್ಕೆ ನೀರು ಚಿಮುಕಿಸಬೇಕಿತ್ತು. ಈಗ ಅವನು ನಸುಕಿಗೇ ಎದ್ದು ನಳದ ಸರತಿಯಲ್ಲಿ ನಿಲ್ಲುತ್ತಿದ್ದ. ನಮ್ಮ ಕೊಡ ತುಂಬಿದ ಮೇಲೆ ಪಕ್ಕದ ಮನೆಯ ಎರಡು ಕೊಡವನ್ನೂ ತುಂಬಿ, ಮೆಟ್ಟಿಲು ಹತ್ತಿಸಿ, ಬಾಗಿಲ ಮುಂದಿಟ್ಟು ಮಾತಿಲ್ಲದೆ ಬರುತ್ತಿದ್ದ. ಫ್ಯಾಕ್ಟರಿಯಿಂದ ಒಂದು ದಿನ ಹಿತ್ತಾಳೆಯ ಪುಟ್ಟ ಟೋಪಿಯಂಥದ್ದು ತಂದ. ಹೊಲಿಯುವಾಗ ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವುದು, ಚೂರು ಹಿತ್ತಾಳೆಯಲ್ಲಿ ತಾನೇ ಲೇತಿನ ಮೇಲೆ ಕಡೆದದ್ದು. "ಇದನ್ನ ಕೊಡು ಅವರಿಗೆ," ಅಂತ ನನ್ನ ಕೈಯಲ್ಲಿ ಕಳಿಸಿದ. ಅವಳ ಬೆರಳಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಅಳತೆ ಯಾವಾಗ ನೋಡಿಕೊಂಡ ಅಂತ ನನಗೆ ಅನ್ನಿಸಲೇ ಇಲ್ಲ. ತಂಗಿಗೆ ಉಪಕಾರ ಮಾಡಿದವಳು ಅಂತ ಗೌರವ ಇಟ್ಟುಕೊಂಡಿದ್ದಾನೆ, ಎಷ್ಟು ಒಳ್ಳೆಯವನು ನಮ್ಮಣ್ಣ ಅಂತ ಹೆಮ್ಮೆ ಪಟ್ಟೆ. ಹದಿನಾಲ್ಕು ವರ್ಷ ಗಂಡಸರ ನಡುವೆಯೇ ಬೆಳೆದೂ ಗಂಡಸರ ಬಗ್ಗೆ ನನಗೆ ಮೂರು ಕಾಸಿನ ತಿಳುವಳಿಕೆ ಇರಲಿಲ್ಲ.

ಪಂಚಮಿ ಬಂತು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಮದುವೆಯಾದ ತಂಗಿಯನ್ನು ಅಣ್ಣನಾದವನು ಹೋಗಿ ಕರೆತರಬೇಕು, ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಿಸಬೇಕು. ವಿಕ್ರೋಳಿಯಲ್ಲಿ ಹುತ್ತದ ಮಣ್ಣು ಎಲ್ಲಿಂದ ಬರಬೇಕು? ಸಂಗು ಹಳಿಯ ಪಕ್ಕದಿಂದ ತಂದ ಕೆಂಪು ಮಣ್ಣಿನಲ್ಲಿ ಅವ್ವ ನಾಗಪ್ಪನನ್ನು ಮಾಡಿ ಮಣೆಯ ಮೇಲಿಟ್ಟಳು. ಒಣಕೊಬ್ಬರಿಯ ಬಟ್ಟಲನ್ನು ಹಾಲಿನಲ್ಲಿ ಅದ್ದಿ ಅದ್ದಿ ಎರೆಯುವುದು ಪದ್ಧತಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಲ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ. ನಾನು ಮೂವರು ಅಣ್ಣಂದಿರ ಪಾಲನ್ನೂ ಧಾರಾಳವಾಗಿ ಎರೆದೆ. ಕಸ್ತೂರಿಯ ಸರತಿ ಬಂತು. ದೇವರ ಪಾಲು, ಕಾಕಾನ ಪಾಲು, ಕಾಕೂನ ಪಾಲು ಅಂದು ನಿಂತುಬಿಟ್ಟಳು. ಮುಂದೆ ಹೇಳಲು ಅವಳಿಗೆ ಯಾರೂ ಇರಲಿಲ್ಲ.

"ನಮ್ಮ ಅಣ್ಣಗೋಳ ಹೆಸರು ತಗೋ ಅಕ್ಕಾ," ಅಂದೆ.

"ಬಸಣ್ಣನ ಪಾಲು. ಸಂಗೂನ ಪಾಲು," ಅಂದಳು.

"ಮಲ್ಲಣ್ಣಂದು ಬಿಟ್ಟಿ."

"ಮಳಿ ಬಂತು ನೋಡು, ಅರಬಿ ತಗೀಬೇಕು," ಅಂತ ಬಟ್ಟಲು ಕೆಳಗಿಟ್ಟು ಎದ್ದಳು. ಮಳೆ ಬೆಳಗಿನಿಂದಲೂ ಬರುತ್ತಲೇ ಇತ್ತು. ಅರಿವೆ ಒಳಗೇ ಒಣಹಾಕಿದ್ದೆವು.

ಮಧ್ಯಾಹ್ನ ಗ್ಯಾಲರಿಯ ತುದಿಯ ತೊಲೆಗೆ ಮಲ್ಲಣ್ಣ ದಪ್ಪ ಹಗ್ಗದ ಜೋಕಾಲಿ ಕಟ್ಟಿದ. ಚಾಳಿನ ಮರಾಠಿ ಹೆಂಗಸರೂ ಬಂದು ಜೀಕಿದರು. ಒಲ್ಲೆ ಒಲ್ಲೆ ಅಂದ ಕಸ್ತೂರಿಯನ್ನು ನಾನೇ ಎಳೆದು ತಂದು ಕೂರಿಸಿದೆ. ನನ್ನ ಕೈಯಲ್ಲಿ ನೂಕಲು ಆಗಲಿಲ್ಲ. "ಸರಿ, ನಿನಗ ಬರೂದಿಲ್ಲ," ಅಂತ ಮಲ್ಲಣ್ಣ ಹಗ್ಗ ಹಿಡಿದು ಒಮ್ಮೆ ನೂಕಿದ. ಜೋಕಾಲಿ ಕಟಕಟೆಯ ಆಚೆ ಮಳೆಯೊಳಗೆ ಹೋಗಿ ಬಂತು. ಕಸ್ತೂರಿ ಮುಖವೆಲ್ಲ ಒದ್ದೆಯಾಗಿ, ಗಟ್ಟಿಯಾಗಿ ನಕ್ಕಳು. ಆ ನಗು ಅಂದಿನ ತನಕ ನಾನೂ ಕೇಳಿರಲಿಲ್ಲ. ಉಂಡಿಯ ತಾಟು ಹಿಡಿದು ಬಾಗಿಲಿಗೆ ಬಂದ ಕಾಕು ಅಲ್ಲೇ ನಿಂತಳು. ಸ್ವಲ್ಪ ಹೊತ್ತು ನೋಡಿ, ತಾಟನ್ನು ತಿರುಗಿ ಒಳಗೆ ಒಯ್ದಳು.

ಅಂದು ಸಂಜೆ ಹಲಗೆಯ ಗೋಡೆಯಾಚೆ ಕಾಕು ಕಾಕಾನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಹುಡುಗೀನ ಊರಿಗೆ ಕಳಿಸಿಬಿಡೂನು. ಬಾಜೂಕ ಮೂರು ಗಂಡ ಹುಡುಗರು ಅದಾವ. ನಾಳೆ ಏನಾರ ಆದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ. ತಾಯಿ ಇಲ್ಲದ ಹುಡುಗೀನ ಕಾಕು ನೋಡಕೊಳ್ಳಲಿಲ್ಲ ಅಂತಾರ."

"ಊರಾಗ ಯಾರದಾರ? ಆ ದೂರದ ಸೋದರತ್ತಿ ಕಡೆ ಬಿಡೂದೇನು?"

"ಬಿಡೂನು. ಅಲ್ಲಿಂದ ಲಗ್ನಾ ಮಾಡಿದ್ರಾತು."

"ಹುಣ್ಣಿವಿ ಆಗಲಿ, ನೋಡೂನು," ಅಂದ ಕಾಕಾ.

ಹುಣ್ಣಿಮೆಗೆ ಹತ್ತೇ ದಿನ. ಆ ಸಂಜೆ ಅವ್ವನಿಗೆ ಒಂದು ಮಾತು ಹೇಳಿದ್ದರೆ! ಮೂವತ್ತು ವರ್ಷ ಆಯಿತು, ಇದನ್ನು ನೆನೆದಾಗಲೆಲ್ಲ ಹಲ್ಲು ಕಚ್ಚುತ್ತೇನೆ. ಹೇಳಲಿಲ್ಲ. ಮಾತು ಒಳಗೇ ಇಟ್ಟುಕೊಳ್ಳುವುದನ್ನು ಅಣ್ಣಂದಿರಿಂದ ನಾನೂ ಕಲಿತಿದ್ದೆ. ನನ್ನ ಅಕ್ಕನನ್ನು ನಾನೇ ಉಳಿಸಿಕೊಳ್ಳುತ್ತೇನೆ ಅಂತ ಹೊರಟೆ.

ಉಪಾಯ ಹೊಳೆದದ್ದು ಶಾಲೆಯಲ್ಲಿ. ನಮ್ಮ ಊರ ಕಡೆ ರಾಖಿಯ ಗದ್ದಲ ಅಷ್ಟಿರಲಿಲ್ಲ, ಅದು ನಾವು ಮುಂಬಯಿಯಲ್ಲಿ ಕಲಿತ ಹಬ್ಬ. ಪಂಚಮಿಯನ್ನೂ ಬಿಡದೆ ರಾಖಿಯನ್ನೂ ಸೇರಿಸಿಕೊಂಡು ಎರಡನ್ನೂ ಭಯಭಕ್ತಿಯಿಂದ ಮಾಡುತ್ತಿದ್ದೆವು. ಕ್ಲಾಸಿನ ಹುಡುಗಿಯೊಬ್ಬಳು ಮೇಲಿನ ಮಹಡಿಯ ಹುಡುಗನಿಗೆ ರಾಖಿ ಕಟ್ಟಿದ ಮೇಲೆ ಯಾರ ಬಾಯಿಯೂ ಏಳಲಿಲ್ಲವಂತೆ, ಅವನ ಸೈಕಲ್ ಮೇಲೆ ಕೂತು ಹೋದರೂ ಯಾರೂ ಏನೂ ಅನ್ನಲಿಲ್ಲವಂತೆ. ಅಷ್ಟೇ ಸಾಕಾಯಿತು ನನಗೆ. ನನ್ನ ಅಣ್ಣಂದಿರು ಅವಳಿಗೂ ಅಣ್ಣಂದಿರಾದರೆ ಕಾಕೂಗೆ ಯಾವ ಭಯ? ಅವಳು ಇಲ್ಲೇ ಇರುತ್ತಾಳೆ. ನನ್ನ ಅಣ್ಣಂದಿರ ತಂಗಿಯಾದರೆ ಕಡ ತಂದ ಅಕ್ಕ ಅಲ್ಲ, ನನಗೆ ಸ್ವಂತ ಅಕ್ಕನೇ ಆದಳು! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಸ್ಟೇಶನ್ ಹತ್ತಿರ ಹೋಗಿ ಅತಿ ದೊಡ್ಡ ಸ್ಪಂಜಿನ ರಾಖಿಗಳನ್ನು ಆರಿಸಿ ತಂದೆ. ನೇರವಾಗಿ ಕಾಕೂ ಹತ್ತಿರ ಹೋದೆ.

"ಕಾಕೂ, ನಮ್ಮ ಅಣ್ಣಗೋಳಿಗೆ ಅಕ್ಕನ ಕಡೆಯಿಂದನೂ ರಾಖಿ ಕಟ್ಟಸೋಣೇನು?"

ಕಾಕು ನನ್ನ ಗಲ್ಲ ಹಿಡಿದುಕೊಂಡಳು. "ನಿನ್ನ ಬಾಯಾಗ ಸಕ್ರಿ ಬೀಳಲಿ. ಎಷ್ಟ ಶಾಣ್ಯಾ ಹುಡುಗಿ ನೀ. ಕಟ್ಟಸೋಣ, ಎಲ್ಲಾರ ಮುಂದ ಕಟ್ಟಸೋಣ."

ಗೋಡೆಯ ಹತ್ತಿರ ಫಾಲ್ ಹಚ್ಚುತ್ತ ಕೂತಿದ್ದ ಕಸ್ತೂರಿ ನನ್ನ ಕಡೆ ನೋಡಿದಳು. ನಾನು ಅವಳಿಗೆ ಕಣ್ಣು ಹೊಡೆದೆ. ನಿನ್ನನ್ನು ಬಚಾವ್ ಮಾಡಿದೆ ನೋಡು ಅಂತ.

ಹುಣ್ಣಿಮೆಯ ದಿನ ಬಸಣ್ಣ, ಸಂಗು ಮನೆಯಲ್ಲಿದ್ದರು. ಮಲ್ಲಣ್ಣನದು ಬೆಳಗಿನ ಶಿಫ್ಟ್, ಮೂರಕ್ಕೆ ಬಿಡುತ್ತದೆ. ಅವ್ವ ಖಾನಾವಳಿಯಲ್ಲಿ. ನಾನು ಛತ್ರಿ ಹಿಡಿದು ಫ್ಯಾಕ್ಟರಿಯ ಗೇಟಿನಲ್ಲಿ ಅವನಿಗಾಗಿ ಕಾದು ನಿಂತೆ. ಅವನು ಖಾಕಿ ಅಂಗಿಯಲ್ಲಿ, ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಂದ. ಇಬ್ಬರೂ ಒಂದೇ ಛತ್ರಿಯಲ್ಲಿ ಹೊರಟೆವು.

"ಲಗು ನಡಿ ಅಣ್ಣಾ, ಎಲ್ಲಾರೂ ಕಾಯಾಕತ್ತಾರ. ಅಕ್ಕನೂ ಕಟ್ಟತಾಳ."

"ಯಾವ ಅಕ್ಕ?"

"ಕಸ್ತೂರಿ ಅಕ್ಕ. ನಿಮಗ ಮೂರೂ ಮಂದಿಗೆ."

ಅವನು ನಿಂತ. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದೆ, ಅವನು ಛತ್ರಿಯ ಹೊರಗೆ ಮಳೆಯಲ್ಲಿ ನಿಂತಿದ್ದ. "ನನಗ ಓವರ್‌ಟೈಮ್ ಐತಿ, ನೀ ಹೋಗು," ಅಂತ ತಿರುಗಿದ. ನಾನು ಓಡಿ ಅಂಗಿ ಹಿಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕಾಕು ಊರಿಗೆ ಕಳಿಸುತ್ತಾಳೆ, ಮೂರು ಗಂಡುಹುಡುಗರು ಅಂತ ಹೆದರಿದ್ದಾಳೆ, ನೀನು ಬರದಿದ್ದರೆ ಅಕ್ಕ ಹೋಗಿಬಿಡುತ್ತಾಳೆ ಅಂತ.

"ಖರೇನ?" ಅಂದ.

"ನಿನ್ನ ಆಣಿ."

ರಸ್ತೆಯಲ್ಲಿ ಬಸ್ಸುಗಳು ನೀರು ಸಿಡಿಸಿಕೊಂಡು ಹೋಗುತ್ತಿದ್ದವು. ಆಮೇಲೆ ನನ್ನ ಕೈಯಿಂದ ಛತ್ರಿ ತೆಗೆದುಕೊಂಡು, "ನಡಿ," ಅಂದ.

ಗ್ಯಾಲರಿಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಮೂರು ಮಣೆ ಹಾಕಿದ್ದರು. ನಾನು ಮೊದಲು ಕಟ್ಟಿದೆ, ಆಮೇಲೆ ಕಸ್ತೂರಿ. ಸಂಗು "ಇಬ್ಬರಿಗೂ ನಾನೇ ಕೊಡಬೇಕೇನು, ಲೂಟಿ ಲೂಟಿ" ಅಂತ ಎಲ್ಲರನ್ನೂ ನಗಿಸಿದ. ಮಲ್ಲಣ್ಣ ಕೊನೆಯವನು. ಕೈ ಚಾಚಿದ. ಅವಳು ಕುಂಕುಮ ಹಚ್ಚಿದಳು, ಅಕ್ಕಿಕಾಳು ಹಾಕಿದಳು, ರಾಖಿ ಕಟ್ಟಿದಳು. ಗಂಟು ಎರಡು ಸಲ ಜಾರಿತು. ಅವನ ಕೈ ಒದ್ದೆಯಿತ್ತು, ಸ್ಪಂಜಿನ ಗುಲಾಬಿ ಬಣ್ಣ ಬಿಟ್ಟು ಅವನ ಮೊಣಕೈ ತನಕ ಇಳಿಯಿತು. ಇಬ್ಬರೂ ತಲೆ ಎತ್ತಲಿಲ್ಲ. "ಈಗ ನನ್ನ ಜೀವಕ್ಕ ಸಮಾಧಾನ ಆತು ನೋಡ್ರೆವಾ," ಅಂದಳು ಕಾಕು ಎಲ್ಲರಿಗೂ ಕೇಳುವ ಹಾಗೆ. ನಾನು ಚಪ್ಪಾಳೆ ಹೊಡೆದೆ.

ಐದಕ್ಕೆ ಅವ್ವ ಬಂದಳು. ಬಾಗಿಲಲ್ಲೇ ಚೀಲ ಹಿಡಿದು ನಿಂತು ಮಲ್ಲಣ್ಣನ ಕೈ ನೋಡಿದಳು.

"ಎರಡು ಯಾಕವ?"

"ಒಂದು ನಂದು, ಒಂದು ಅಕ್ಕಂದು!" ಅಂದೆ ನಾನು.

ಅವ್ವ ಮಲ್ಲಣ್ಣನ ಮುಖ ನೋಡಿದಳು. ಅವನು ಎದ್ದು ಹೊರಗೆ ಹೋದ. ಅವ್ವ ಚೀಲ ಇಡುವುದನ್ನೂ ಮರೆತು ಹೊಸ್ತಿಲ ಮೇಲೆ ಕೂತಳು. ಖಾನಾವಳಿಯಲ್ಲಿ ಹೆಚ್ಚು ಕೆಲಸ ಬಿದ್ದಿರಬೇಕು ಅಂದುಕೊಂಡು ನಾನು ಚಹಾಕ್ಕೆ ಇಟ್ಟೆ.

ನನ್ನ ಉಪಾಯ ಫಲಿಸಿತು. ಕಾಕು ಕಸ್ತೂರಿಯನ್ನು ಊರಿಗೆ ಕಳಿಸಲಿಲ್ಲ. ಆದರೆ ಗೆದ್ದದ್ದು ಏನು ಅಂತ ನನಗೆ ತಿಳಿಯಲಿಲ್ಲ. ಮಲ್ಲಣ್ಣ ಎರಡನೇ ಶಿಫ್ಟ್ ಕೇಳಿ ತೆಗೆದುಕೊಂಡ, ಮಧ್ಯಾಹ್ನ ಹೋದರೆ ನಾವು ಮಲಗಿದ ಮೇಲೆ ಬರುತ್ತಿದ್ದ. ನೀರು ತುಂಬುವುದು ಸಂಗುವಿನ ಪಾಲಿಗೆ ಬಂತು. ಬಸಣ್ಣನೂ ಸಂಗುವೂ ಮರುದಿನವೇ ರಾಖಿ ಹರಿದೆಸೆದು ಕ್ರಿಕೆಟ್ಟಿಗೆ ಹೋದರು. ಮಲ್ಲಣ್ಣನ ಕೈಯಲ್ಲಿ ಕಸ್ತೂರಿ ಕಟ್ಟಿದ್ದು ಗಣಪತಿ ಮುಗಿಯುವ ತನಕ ಇತ್ತು. ಮಶೀನಿನ ಎಣ್ಣೆಗೆ ಕಪ್ಪಾಗಿ, ಸ್ಪಂಜು ಉದುರಿ, ಬರೀ ದಾರ ಉಳಿದಿತ್ತು. ಕಸ್ತೂರಿ ನನ್ನ ಜಡೆ ಹಾಕುತ್ತಲೇ ಇದ್ದಳು, "ಮತ್ತ?" ಅನ್ನುವುದು ಮಾತ್ರ ಕಡಿಮೆಯಾಯಿತು.

ದೀಪಾವಳಿಗೆ ಮೊದಲೇ ದಹಿಸರಿನಿಂದ ಸಂಬಂಧ ಬಂತು. ನಮ್ಮ ಕಡೆಯವರೇ, ಸ್ಟೀಲಿನ ಪಾತ್ರೆಯ ಸಣ್ಣ ಅಂಗಡಿ. ನಾನು ಅವ್ವನ ಸೆರಗು ಹಿಡಿದು ಅತ್ತೆ. ಅವಳು ಖಾನಾವಳಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. "ಹೆಂಗಾರ ಮಾಡಿ ಆಕೀನ ಇಲ್ಲೇ ಇಟ್ಕೊಳ್ಳೋಣ ಯವ್ವಾ," ಅಂದೆ.

"ಇಟ್ಕೊಳ್ಳಾಕ ದಾರಿ ಒಂದೇ ಇತ್ತು," ಅಂದಳು ಅವ್ವ. "ನಿಮ್ಮಪ್ಪ ದೀಪಾವಳಿಗೆ ಬಂದಾಗ ಹಣಮಂತಣ್ಣನ ಮುಂದ ಮಲ್ಲೂನ ಮಾತು ತಗೀಬೇಕಂತ ಮಾಡಿದ್ದೆ. ಈಗ ಎಲ್ಲಾರ ಮುಂದ ಅಣ್ಣ ಅನಿಸ್ಕೊಂಡಾನ. ಯಾವ ಬಾಯಿಲೆ ಕೇಳಲಿ?"

ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತೇನೋ, ಒದ್ದೆ ಕೈಯಲ್ಲೇ ನನ್ನ ತಲೆ ಸವರಿದಳು. ನಾನು ಮೋರಿಯ ಹತ್ತಿರ ಹಾಗೇ ಕೂತಿದ್ದೆ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಮಲ್ಲಣ್ಣನನ್ನು ಮದುವೆಯಾಗಿ, ನನ್ನ ವೈನಿಯಾಗಿ ನಮ್ಮ ಖೋಲಿಗೇ ಬರುತ್ತಿದ್ದಳು, ಕಡ ತಂದ ಅಕ್ಕ ಕೊನೆಯ ತನಕ ನಮ್ಮವಳೇ ಆಗುತ್ತಿದ್ದಳು. ಬೇಡಿದ್ದು ಬಾಗಿಲ ತನಕ ಬಂದಿತ್ತು, ನಾನೇ ಕೈ ಹಿಡಿದು ಹೊರಗೆ ಕಳಿಸಿದ್ದೆ.

ಲಗ್ನದಲ್ಲಿ ಅಣ್ಣ ಮಾಡುವ ಕೆಲಸವನ್ನೆಲ್ಲ ಮಲ್ಲಣ್ಣ ಮಾಡಿದ. ಅವಳ ಟ್ರಂಕು ಹೊತ್ತು ದಾದರಿನಲ್ಲಿ ಗಾಡಿ ಬದಲಿಸಿ ದಹಿಸರಿನ ಮನೆ ಮುಟ್ಟಿಸಿ ಬಂದ. ಮರುವರ್ಷ ಪಂಚಮಿಗೆ, "ತಂಗೀನ ಕರ್ಕೊಂಡ ಬಾರಪಾ," ಅಂತ ಕಾಕು ಅಂದಾಗ ಅಂಗಿ ತೊಟ್ಟು ಹೊರಟ. ಅದರ ಮುಂದಿನ ವರ್ಷವೂ ಹೋದ. ಅವನಿಗೂ ಮದುವೆಯಾಯಿತು, ಮಕ್ಕಳಾದವು. ಕಾಕಾ, ಕಾಕು, ಅವ್ವ ಒಬ್ಬೊಬ್ಬರಾಗಿ ಹೋದರು. ಚಾಳು ಬಿದ್ದು ಬಿಲ್ಡಿಂಗ್ ಆಯಿತು. ಪಂಚಮಿಯ ಹಿಂದಿನ ದಿನ ಮಲ್ಲಣ್ಣ ರಜೆ ಹಾಕಿ ದಹಿಸರಿಗೆ ಹೋಗುವುದು ತಪ್ಪಲಿಲ್ಲ. ನಮ್ಮ ವೈನಿ ಒಳ್ಳೆಯವಳು, ಕಸ್ತೂರಿಗೆ ಅಂತಲೇ ಬೇರೆ ಡಬ್ಬಿಯಲ್ಲಿ ಉಂಡಿ ತೆಗೆದಿಡುತ್ತಾಳೆ. ಅವಳಿಗೆ ಗೊತ್ತೋ ಇಲ್ಲವೋ ನಾನು ಕೇಳಿಲ್ಲ.

ನನಗೆ ಇಬ್ಬರು ಹೆಣ್ಣುಮಕ್ಕಳು. ಬಾಚಣಿಗೆಗೆ, ಚಾರ್ಜರಿಗೆ, ಕಿಟಕಿ ಹತ್ತಿರದ ಜಾಗಕ್ಕೆ ದಿನವಿಡೀ ಹಿಂದಿಯಲ್ಲಿ ಜಗಳ. ನಾನು ಬಿಡಿಸುವುದಿಲ್ಲ, ಕೂತು ನೋಡುತ್ತೇನೆ. ನನಗೆ ಹೊಟ್ಟೆಕಿಚ್ಚಾಗುತ್ತದೆ.

ರಾಖಿಯ ಅಂಗಡಿಯ ಮುಂದೆ ನಿಂತು ಬಂದ ಎರಡನೇ ದಿನ ಮಲ್ಲಣ್ಣನ ಫೋನ್ ಬಂತು. ಮೊಣಕಾಲಿನ ಆಪರೇಶನ್ ಆಗಿ ಹಾಸಿಗೆಯ ಮೇಲಿದ್ದಾನೆ. "ಶಕ್ಕೀ, ಈ ಸಲ ನೀ ಹೋಗು. ಕಾಯತಿರ್ತಾಳ," ಅಂದ. ಬೇರೆ ಮಾತಾಡಲಿಲ್ಲ. ಅವನು ಇಂದಿಗೂ ಹಾಗೇ.

ದಹಿಸರಿನ ಆ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ನಾಲ್ಕನೇ ಮಹಡಿ. ಐವತ್ತು ದಾಟಿದ ಅಣ್ಣ ಪ್ರತಿವರ್ಷ ಇದನ್ನು ಹತ್ತಿ ಬರುತ್ತಿದ್ದ ಅಂತ ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತ ನೆನೆದೆ. ಬಾಗಿಲು ತೆರೆದ ಕಸ್ತೂರಿ ನನ್ನನ್ನು ನೋಡಿ ನಕ್ಕಳು. ತಲೆ ಹಣ್ಣಾಗಿದೆ. ನಕ್ಕ ಮೇಲೆ ಅವಳ ಕಣ್ಣು ನನ್ನ ಹೆಗಲು ದಾಟಿ ಮೆಟ್ಟಿಲ ಕಡೆ ಹೋಯಿತು.

"ಅಣ್ಣ ಹಿಂದ ಬರಾಕತ್ತಾನೇನು?"

"ಇಲ್ಲಕ್ಕಾ. ಕಾಲಿಂದು ಆಪರೇಶನ್ ಆಗೇತಿ. ಮೆಟ್ಟಲಾ ಹತ್ತಬಾರದಂತ, ಡಾಕ್ಟರು ಹೇಳ್ಯಾರ. ಇನ್ನ ಮ್ಯಾಲೆ ನಾನೇ ಬರ್ತೀನಿ."

"ಹೌದನು," ಅಂದಳು. ಒಳಗೆ ಹೋಗಿ ನೀರು ತಂದುಕೊಟ್ಟಳು. ಚೀಲ ಮುಂಚೆಯೇ ಕಟ್ಟಿಟ್ಟಿದ್ದಳು, ಆದರೂ ಮತ್ತೆ ಬಿಚ್ಚಿ ಸೀರೆಗಳನ್ನು ಹೊಸದಾಗಿ ಮಡಿಸತೊಡಗಿದಳು. ಮೂವತ್ತು ವರ್ಷ ಗಂಟಲಲ್ಲಿದ್ದದ್ದು ಅಂದು ಬಾಯಿಗೆ ಬಂತು.

"ಅಕ್ಕಾ, ಆ ಹುಣ್ಣಿವಿ ದಿನ ನಾ ಮಾಡಿದ್ದು ತಪ್ಪಾತು. ನನಗ ತಿಳಿದಿರಲಿಲ್ಲ."

"ನೀ ಸಣ್ಣ ಹುಡುಗಿ ಇದ್ದಿ. ನಿಂದೇನೈತಿ ಅದರಾಗ?"

"ನಿನಗ ತಿಳಿದಿತ್ತಲ್ಲ. ಒಲ್ಲೆ ಅನಬೇಕಿತ್ತು."

ಅವಳು ಮಡಿಸುತ್ತಿದ್ದ ಸೀರೆಯ ಅಂಚು ಅಂಚಿಗೆ ಕೂಡಿಸಿ, ಅಂಗೈಯಿಂದ ಒತ್ತಿದಳು. "ಒಲ್ಲೆ ಅಂದಿದ್ರ ಕಾಕು ಮರುದಿನಾನ ಊರ ಗಾಡಿ ಹತ್ತಸತಿದ್ಲು. ಮತ್ತ ಅವನ ಮಾರಿ ನೋಡೂದು ಎಲ್ಲಿಂದ ಬರ್ತಿತ್ತು? ಕಟ್ಟಿದೆ. ಅಣ್ಣ ಅಂದಮ್ಯಾಲ ವರ್ಷಕ್ಕೊಮ್ಮೆ ಕರ್ಯಾಕ ಬರಲೇಬೇಕಲ್ಲ. ಇಪ್ಪತ್ತೊಂಬತ್ತು ಪಂಚಮಿ ಬಂದು ಈ ಬಾಗಲದಾಗ ನಿಂತಾನ. ನನಗ ಅಷ್ಟು ಸಾಕಿತ್ತು, ಶಕ್ಕೂ."

ಇದು ಮೂವತ್ತನೆಯ ಪಂಚಮಿ. ಬಾಗಿಲಲ್ಲಿ ಬಂದು ನಿಂತಿದ್ದವಳು ನಾನು.